ಗಾಜಿನ ಕಪಾಟಿನ ಸಕ್ಕರೆ ಗೊಂಬೆ

ನನ್ನ ಕಾಕಾನ ಮಗಳು ನನಗಿಂತ ನಾಲ್ಕು ತಿಂಗಳು ದೊಡ್ಡವಳು. ಆ ನಾಲ್ಕು ತಿಂಗಳ ದೆಸೆಯಿಂದ ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ. ಅವಳಿಗೆ ಬಿಗಿಯಾದ ಫ್ರಾಕು ನನಗೆ ಬರುತ್ತಿತ್ತು, ಅವಳು ಓದಿ ಬಿಸಾಕಿದ ಕಥೆಪುಸ್ತಕ ನನಗೆ ಬರುತ್ತಿತ್ತು, ಅವಳ ಕಾಲು ಬೆಳೆದರೆ ಚಪ್ಪಲಿಯೂ ನನಗೇ ಬರುತ್ತಿತ್ತು. ಬರದೇ ಇದ್ದದ್ದು ಅವಳ ಗೊಂಬೆಗಳು ಮಾತ್ರ. ಗೊಂಬೆಗಳು ಯಾರಿಗೂ ಬಿಗಿಯಾಗುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಾವು ಹೈದರಾಬಾದಿನ ಕಾಚಿಗುಡದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅಜ್ಜನ ಕಾಲಕ್ಕೆ ಕಲಬುರ್ಗಿ ಕಡೆಯಿಂದ ನೌಕರಿಗೆಂದು ಬಂದ ಮನೆತನ ನಮ್ಮದು. ರಾಜ್ಯಗಳನ್ನು ಹಂಚುವಾಗ ಊರು ಅತ್ತ ಹೋಯಿತು, ನೌಕರಿ ಇತ್ತ ಉಳಿಯಿತು. ನಾವು ನೌಕರಿಯ ಜೊತೆ ಉಳಿದೆವು. ಅಪ್ಪನ ತಮ್ಮ, ಅಂದರೆ ನನ್ನ ಕಾಕಾ, ಬೇಗಂಪೇಟೆಯ ವಿಮಾನ ನಿಲ್ದಾಣದಲ್ಲಿ ಕೆಲಸ ಹಿಡಿದಿದ್ದ. ಅವನೇನೂ ವಿಮಾನ ಹತ್ತುವವನಲ್ಲ, ಸಾಮಾನಿನ ಕಾಗದಪತ್ರ ನೋಡುವವನು. ಆದರೆ ಹತ್ತಿ ಇಳಿಯುವವರ ಪರಿಚಯ ಅವನಿಗೆ ಬೇಕಾದಷ್ಟಿತ್ತು. ಎಲ್ಲರೂ ಪರದೇಶದಿಂದ ಸೆಂಟು, ಸಿಗರೇಟು, ವಾಚು ತರಿಸುತ್ತಿದ್ದ ಕಾಲದಲ್ಲಿ ಅವನು ಮಗಳಿಗಾಗಿ ಒಂದೊಂದು ದೇಶದಿಂದ ಒಂದೊಂದು ಗೊಂಬೆ ತರಿಸುತ್ತಿದ್ದ.

ಆ ಗೊಂಬೆಗಳಿಗಾಗಿ ಸಾಗುವಾನಿಯ ಒಂದು ಕಪಾಟು ಮಾಡಿಸಿದ್ದ. ಎದುರಿಗೆ ಜಾರಿಸುವ ಗಾಜು, ಒಳಗೊಂದು ಟ್ಯೂಬ್‌ಲೈಟು, ಗಾಜಿಗೊಂದು ಪುಟ್ಟ ಬೀಗ. ಬೀಗದ ಕೈ ಕಾಕಿಯ ಸೊಂಟದಲ್ಲಿ. ಪ್ರತಿ ಗೊಂಬೆಯ ಮುಂದೂ ಅದರ ದೇಶದ ಹೆಸರನ್ನು ಕಾಕಾ ಆಫೀಸಿನ ಟೈಪ್‌ರೈಟರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಹೊಡೆದು ತಂದು ಇಟ್ಟಿದ್ದ. ಕಾಗದದ ಛತ್ರಿ ಹಿಡಿದ ಜಪಾನಿನವಳು, ಕಟ್ಟಿಗೆಯ ಚಪ್ಪಲಿ ಮೆಟ್ಟಿದ ಹಾಲೆಂಡಿನವಳು, ಕೆಂಪು ಲಂಗದ ಸ್ಪೇನಿನವಳು, ಕೊರಳ ತುಂಬ ಮಣಿಸರ ಹಾಕಿಕೊಂಡ ಕೆನ್ಯಾದವಳು. ಒಟ್ಟು ಹನ್ನೊಂದು. ನಾನು ಕನ್ನಡ ಶಾಲೆಯಲ್ಲಿ ಓದುತ್ತಿದ್ದವಳು. ಇಂಗ್ಲಿಷಿನ ದೊಡ್ಡಕ್ಷರ ನಾನು ಕಲಿತದ್ದು ಶಾಲೆಯಲ್ಲಲ್ಲ, ಆ ಕಪಾಟಿನ ಎದುರು ಕುಕ್ಕರುಗಾಲಲ್ಲಿ ಕೂತು. ಹೊಟ್ಟೆಕಿಚ್ಚಿನಿಂದ ನನಗಾದ ಲಾಭ ಅದೊಂದೇ.

ಎರಡು ವಾರಕ್ಕೊಮ್ಮೆ ಭಾನುವಾರ ನಾವು ಬಸ್ಸು ಹಿಡಿದು ಬೇಗಂಪೇಟೆಗೆ ಹೋಗುತ್ತಿದ್ದೆವು. ಊಟವಾದ ಮೇಲೆ ಕಾಕಿ ಸೊಂಟದಿಂದ ಕೀಲಿ ತೆಗೆಯುತ್ತಿದ್ದಳು. "ಸೋಪ್ ಹಚ್ಚಿ ಕೈ ತೊಳಕೊಂಡು ಬರ್ರಿ ಇಬ್ರೂ" ಎನ್ನುತ್ತಿದ್ದಳು. ಇಬ್ಬರೂ ತೊಳೆದುಕೊಂಡು ಬಂದರೂ ಗೊಂಬೆ ಎತ್ತುವ ಅಧಿಕಾರ ಮಗಳಿಗೆ ಮಾತ್ರ. ನಾನು ನೋಡಬೇಕು. ಒಮ್ಮೆ ಹಾಲೆಂಡಿನವಳ ಒಂದು ಚಪ್ಪಲಿ ಕಳಚಿ ಬಿದ್ದಾಗ ಅದನ್ನು ಎತ್ತಿಕೊಟ್ಟಿದ್ದೆ. ನನ್ನ ಕೈಗೆ ಪರದೇಶ ತಾಗಿದ್ದು ಅಷ್ಟೇ.

ಕಾಕಾನ ಮಗಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವಳು ಕೆಟ್ಟವಳಲ್ಲ. ಕಾಕಿ ಅಡುಗೆಮನೆಗೆ ಹೋದ ಕೂಡಲೇ "ಏ, ಬೇಗ ಹಿಡಿ, ಅವ್ವ ಬರೂದರಾಗ ಹಿಡಿ" ಎಂದು ಜಪಾನಿನವಳನ್ನು ನನ್ನ ಮಡಿಲಿಗೆ ಚಾಚುತ್ತಿದ್ದಳು. ನಾನು ಹಿಡಿಯುತ್ತಿರಲಿಲ್ಲ. "ನನಗೇನ್ ಬ್ಯಾಡ" ಎಂದು ಮುಖ ತಿರುಗಿಸುತ್ತಿದ್ದೆ. ಭಿಕ್ಷೆಯ ಹಾಗೆ ಸಿಕ್ಕಿದ್ದನ್ನು ಹಿಡಿದು ಏನು ಮಾಡಲಿ? ನನಗೆ ಬೇಕಿದ್ದದ್ದು ಆ ಕಪಾಟಿನಲ್ಲಿ ನನ್ನದೆನ್ನುವುದು ಒಂದು.

ಅದಕ್ಕೆ ಒಂದು ಜಾಗವೂ ಇತ್ತು. ಎರಡನೆಯ ಹಲಗೆಯ ನಟ್ಟನಡುವೆ ಕಾಕಾ ಇಂಡಿಯಾ ಎಂದು ಹೊಡೆದ ಚೀಟಿ ಇಟ್ಟಿದ್ದ. ಅದರ ಹಿಂದೆ ಗೊಂಬೆ ಇರಲಿಲ್ಲ. ಅಪ್ಪ ಒಮ್ಮೆ ಕೇಳಿದ್ದಕ್ಕೆ ಕಾಕಾ ಜೋರಾಗಿ ನಕ್ಕಿದ್ದ. "ಅಣ್ಣಾ, ಫಾರಿನ್ನಿಗೆ ಹೋಗವ್ರು ಇಂಡಿಯಾದ್ದು ಎಲ್ಲಿಂದ ತರ್ತಾರ? ಜನವರಿಗೆ ನಾಂಪಲ್ಲಿ ನುಮಾಯಿಷ್‌ನಾಗ ನೋಡೋಣು." ವರ್ಷಕ್ಕೊಮ್ಮೆ ನಾಂಪಲ್ಲಿಯಲ್ಲಿ ಆಗುವ ಆ ವಸ್ತುಪ್ರದರ್ಶನ ಬಂತು, ಹೋಯಿತು. ಕಾಕಿಗೆ ಅಲ್ಲಿ ಸ್ವೆಟರು ಕಂಡವು, ಗೊಂಬೆ ಕಾಣಲಿಲ್ಲ. ಜಾಗ ಖಾಲಿಯೇ ಇತ್ತು.

ನಾನು ಒಂದು ಗೊಂಬೆ ಮಾಡಿದೆ. ಅವ್ವನ ಹರಿದ ಇಳಕಲ್ ಸೀರೆಯ ಸೆರಗಿನಲ್ಲಿ ಹಳೆಯ ಗಾದಿಯ ಅರಳೆ ತುಂಬಿ, ಕರಿದಾರದಲ್ಲಿ ಕಣ್ಣು ಹೊಲಿದು, ಉಳಿದ ಚೂರಿನಲ್ಲಿ ಸೀರೆ ಉಡಿಸಿ, ಒಂದು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಬೇಗಂಪೇಟೆಗೆ ಒಯ್ದೆ. "ಇಂಡಿಯಾದ್ದು" ಎಂದು ಕಾಕಿಯ ಕೈಗೆ ಕೊಟ್ಟೆ. "ಅಯ್ಯ, ಭಾಳ ಚಂದ ಮಾಡೀಯಲ್ಲ" ಎಂದು ಕಾಕಿ ಅದನ್ನು ಫ್ರಿಜ್ಜಿನ ಮೇಲಿಟ್ಟಳು. ಎರಡು ವಾರ ಬಿಟ್ಟು ಹೋಗಿ ನೋಡಿದರೆ ನನ್ನ ಗೊಂಬೆ ಅವಳ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಅಂಗಾತ ಮಲಗಿತ್ತು. ಹೊಟ್ಟೆಯ ತುಂಬ ಸೂಜಿ, ಗುಂಡುಪಿನ್ನು. "ಅರಳಿ ಛಲೋ ತುಂಬೀ, ಸೂಜಿ ತುಕ್ಕು ಹಿಡಿಯಾಂಗಿಲ್ಲ ನೋಡು" ಎಂದು ಕಾಕಿ ಮನಸಾರೆ ಹೊಗಳಿದಳು. ಅವಳ ಹೊಗಳಿಕೆಯಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಅದಕ್ಕೇ ಅದನ್ನು ಮರೆಯಲು ನನ್ನಿಂದ ಆಗಿಲ್ಲ.

ಆದರೆ ನಮ್ಮ ಮನೆಯಲ್ಲಿ ಅವರ ಮನೆಯಲ್ಲಿಲ್ಲದ ಒಂದು ಇತ್ತು. ಅದು ಆಯಿ. ಅಪ್ಪನ ತಾಯಿಗೆ ನಾವೆಲ್ಲ ಆಯಿ ಅನ್ನುತ್ತಿದ್ದೆವು. ಆಯಿ ನಮ್ಮಲ್ಲೇ ಇರುತ್ತಿದ್ದಳು. ಕಾಕಾ ಎಷ್ಟು ಸಲ ಕರೆದರೂ "ವಿಮಾನದ ಸಪ್ಪಳಕ್ಕ ನಿದ್ದಿ ಬರಾಂಗಿಲ್ಲಪ್ಪಾ" ಎಂದು ತಪ್ಪಿಸಿಕೊಳ್ಳುತ್ತಿದ್ದಳು. ಉಬ್ಬಸದವಳು, ಬಸ್ಸು ಹತ್ತುವುದೂ ಆಗುತ್ತಿರಲಿಲ್ಲ. ಆಯಿಯ ಹಾಸಿಗೆಯ ಅರ್ಧ ನನ್ನದು. ಆಯಿಯ ಎಲೆ ಅಡಿಕೆಯ ಚೀಲ ಬಿಚ್ಚುವ ಹಕ್ಕು ನನ್ನದು. ಕಾಕಾನ ಮಗಳು ಬಂದಾಗ ನಾನು ಬೇಕೆಂದೇ ಆಯಿಗೆ ಆತುಕೊಂಡು ಕೂರುತ್ತಿದ್ದೆ.

ದೀಪಾವಳಿಯ ನಂತರ ಗೌರಿಹುಣ್ಣಿಮೆ ಬಂದರೆ ಆಯಿಯ ಸಕ್ಕರೆ ಗೊಂಬೆಗಳ ಕೆಲಸ ಸುರುವಾಗುತ್ತಿತ್ತು. ನಮ್ಮ ಕಡೆ ಆ ದಿನ ಹೆಣ್ಣುಮಕ್ಕಳು ತಾಟಿನಲ್ಲಿ ಸಕ್ಕರೆಯ ಗೊಂಬೆಗಳನ್ನಿಟ್ಟು, ನಡುವೆ ದೀಪ ಹಚ್ಚಿ, ಗೌರಿಗೆ ಆರತಿ ಬೆಳಗುತ್ತಾರೆ. ಬೆಳಗಿದ ಮೇಲೆ ಗೊಂಬೆ ಹಂಚಿ ತಿನ್ನುವುದು. ಹೈದರಾಬಾದಿನ ಅಂಗಡಿಗಳಲ್ಲಿ ಅವು ಸಿಗುತ್ತಿರಲಿಲ್ಲವಾಗಿ ಆಯಿ ಮನೆಯಲ್ಲೇ ಎರೆಯುತ್ತಿದ್ದಳು. ತವರಿನಿಂದ ತಂದ ಕಟ್ಟಿಗೆಯ ಅಚ್ಚುಗಳು ಅವಳ ಟ್ರಂಕಿನಲ್ಲಿದ್ದವು: ಆನೆ, ಒಂಟೆ, ಬಸವಣ್ಣ, ನವಿಲು, ಮತ್ತು ಟೊಂಕದ ಮೇಲೆ ಕೊಡ ಹೊತ್ತ ಒಬ್ಬ ಹೆಣ್ಣುಮಗಳು. ಅಚ್ಚುಗಳನ್ನು ಹಿಂದಿನ ದಿನವೇ ನೀರಲ್ಲಿ ನೆನೆಹಾಕಿ, ಎರಡು ಹೋಳು ಕೂಡಿಸಿ ಹಗ್ಗ ಬಿಗಿದು, ಹಾಲು ಬಿಟ್ಟು ಹೊಲಸು ತೆಗೆದ ಪಾಕವನ್ನು ಬೆಳ್ಳಗಾಗುವ ತನಕ ತಿರುವಿ ಒಳಗೆ ಸುರಿಯಬೇಕು. ಬೇಗ ಬಿಚ್ಚಿದರೆ ಮುರಿಯುತ್ತದೆ, ತಡಮಾಡಿದರೆ ಕಚ್ಚಿಕೊಳ್ಳುತ್ತದೆ. ಕೊಡದವಳ ಅಚ್ಚು ಸೀಳು ಬಿಟ್ಟಿತ್ತು. ಅದರಿಂದ ಇಡಿಯಾದ ಗೊಂಬೆ ಬರುವುದು ಬಹಳ ಅಪರೂಪ.

ಆ ವರ್ಷ ನಾನು ಆಯಿಯ ಬೆನ್ನು ಬಿಡಲಿಲ್ಲ. ಮೊದಲ ಸಲ ಎರೆದಾಗ ಗೊಂಬೆಯ ಕುತ್ತಿಗೆ ಮುರಿಯಿತು. ಎರಡನೆಯ ಸಲ ಕೊಡ ಹೋಯಿತು. ಮೂರನೆಯದು ಇಡಿಯಾಗಿ ಬಂತು. ಗೇಣುದ್ದದ ಹೆಣ್ಣುಮಗಳು, ತುರುಬು, ಮೂಗುತಿ, ಸೀರೆಯ ನಿರಿಗೆ ಎಲ್ಲವೂ ಮೂಡಿತ್ತು. ಸೀಳಿನಿಂದಾಗಿ ಬೆನ್ನ ಮೇಲೊಂದು ಏಣು ಎದ್ದಿತ್ತು. ಬಿಸಿ ಆರುವ ಮೊದಲೇ ಆಯಿ ನೀರಲ್ಲಿ ಅದ್ದಿದ ಹೆಬ್ಬೆರಳಿನಿಂದ ಅದನ್ನು ಒತ್ತಿ ತೀಡಿದಳು. ಬೆರಳಿನ ಗುರುತು ಗೆರೆಗೆರೆಯಾಗಿ ಅಲ್ಲೇ ಉಳಿಯಿತು.

ಇದನ್ನು ಬೇಗಂಪೇಟೆಗೆ ನಾನೇ ಒಯ್ಯಬೇಕು ಎಂದು ಅಲ್ಲೇ ನಿಶ್ಚಯ ಮಾಡಿದೆ. ಇದನ್ನು ಯಾರೂ ಸೂಜಿ ಚುಚ್ಚುವುದಕ್ಕೆ ಇಟ್ಟುಕೊಳ್ಳಲಾರರು. ಕಾಕಿ ಕೀಲಿ ತೆಗೆಯುತ್ತಾಳೆ, ನಾನು ನನ್ನ ಕೈಯಾರೆ ಆ ಚೀಟಿಯ ಹಿಂದೆ ಇಡುತ್ತೇನೆ, ಜಪಾನಿನವಳೂ ಸ್ಪೇನಿನವಳೂ ಪಕ್ಕಕ್ಕೆ ಸರಿಯುತ್ತಾರೆ. ಮುಂದಿನ ಭಾನುವಾರದ ತನಕ ಕಾದರೆ ಸಾಕಿತ್ತು.

ಹುಣ್ಣಿಮೆಯ ಸಂಜೆ ಕಾಕಾ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಇಬ್ಬರೂ ಆರತಿ ಬೆಳಗಿದೆವು. ಅವಳ ತಾಟಿನಲ್ಲಿ ಆನೆ ಒಂಟೆ ನವಿಲು, ನನ್ನ ತಾಟಿನಲ್ಲಿ ಕೊಡದವಳು. ಅವಳು ಆರತಿಯ ಉದ್ದಕ್ಕೂ ಗೌರಿಯನ್ನು ಬಿಟ್ಟು ನನ್ನ ತಾಟನ್ನೇ ನೋಡುತ್ತಿದ್ದಳು. ಮೊದಲ ಬಾರಿಗೆ ಅವಳು ನೋಡುವವಳು, ನಾನು ಹಿಡಿದವಳು. ಹಾಲು ಕುಡಿದಷ್ಟು ಸಂತೋಷವಾಯಿತು. ಆ ಸಂತೋಷ ಐದು ನಿಮಿಷ ಇತ್ತು.

"ಆಯೀ, ಆ ಗೊಂಬಿ ನನಗ ಕೊಡ್ತೀಯೇನ?" ಎಂದು ಅವಳು ಕೇಳಿದಳು. "ನಮ್ಮ ಶೋಕೇಸಿನಾಗ ಇಂಡಿಯಾದ್ದು ಇಲ್ಲ."

"ಅದಕ್ಕೇನವಾ, ತಗೋ" ಎಂದಳು ಆಯಿ.

ನಾನು ತಾಟು ಬಿಗಿಹಿಡಿದೆ. "ಅದು ನಂದು" ಎಂದೆ.

"ನಿನಗ ಮುಂದಿನ ವರ್ಷ ಇನ್ನೊಂದು ಎರೀತೀನಿ ತಗೋ. ಆಕೀನೂ ನನ್ನ ಮಮ್ಮಗಳಲ್ಲೇನ? ದಿನಾ ಬರ್ತಾಳೇನ ಆಕಿ?" ಎಂದು ಆಯಿ ನನ್ನ ತಾಟಿನಿಂದ ಗೊಂಬೆ ಎತ್ತಿ ಅವಳ ತಾಟಿನಲ್ಲಿಟ್ಟಳು.

ನಾನೇ ಒಯ್ದು ಕೊಡಬೇಕೆಂದಿದ್ದ ಗೊಂಬೆ, ಹೋಗಬೇಕಾಗಿದ್ದ ಜಾಗಕ್ಕೇ ಹೋಯಿತು. ಆದರೆ ನಾನು ಕೊಟ್ಟಿದ್ದರೆ ಅದು ಅಲ್ಲಿ ನನ್ನದಾಗಿರುತ್ತಿತ್ತು. ಅವಳು ಬೇಡಿ ಇಸಿದುಕೊಂಡದ್ದರಿಂದ ಅವಳದಾಯಿತು. ಇದನ್ನು ಆಯಿಗೆ ಹೇಗೆ ಬಿಡಿಸಿ ಹೇಳುವುದೋ ಹತ್ತು ವರ್ಷದ ನನಗೆ ಗೊತ್ತಾಗಲಿಲ್ಲ. ಆ ಹೊತ್ತಿನ ಊಟ ಬಿಟ್ಟೆ. ಯಾರೂ ಬಹಳ ಒತ್ತಾಯ ಮಾಡಲಿಲ್ಲ.

ಮುಂದಿನ ಭಾನುವಾರ ಹೊರಡುವಾಗ ಆಯಿ ನನ್ನನ್ನು ಕರೆದಳು. "ನಿಮ್ಮ ಕಾಕಿಗೆ ಹೇಳು, ಅದು ಇಡೂ ಗೊಂಬಿ ಅಲ್ಲ. ನಾಕ ದಿನ ನೋಡಿ, ಮಳಿ ಬರೂದಕ್ಕ ಮುಂಚೆ ಹಂಚಿ ತಿಂದಬಿಡ್ರಿ ಅನ್ನು. ಆಕಿಗೆ ಇವೆಲ್ಲಾ ಗೊತ್ತಿಲ್ಲ, ಪಾಪ. ಮರೀಬ್ಯಾಡ." ಕಾಕಿ ಸಿಕಂದರಾಬಾದಿನಲ್ಲೇ ಹುಟ್ಟಿ ಬೆಳೆದವಳು. ಅವಳ ತವರಿನಲ್ಲಿ ಸಂಕ್ರಾಂತಿಗೆ ಮೆಟ್ಟಿಲು ಕಟ್ಟಿ ಮಣ್ಣಿನ ಗೊಂಬೆ ಕೂರಿಸುವ ತೆಲುಗು ಪದ್ಧತಿ ಸೇರಿಕೊಂಡಿತ್ತು. ಗೊಂಬೆ ಎಂದರೆ ವರ್ಷದಿಂದ ವರ್ಷಕ್ಕೆ ಎತ್ತಿಡುವುದು ಎಂದೇ ಅವಳಿಗೆ ಗೊತ್ತು.

ಹೋಗಿ ನೋಡಿದರೆ ಕೊಡದವಳು ಇಂಡಿಯಾ ಚೀಟಿಯ ಹಿಂದೆ ನಿಂತುಬಿಟ್ಟಿದ್ದಾಳೆ. ಮೈಯೆಲ್ಲ ಮಿರಿಮಿರಿ ಹೊಳೆಯುತ್ತಿದ್ದಾಳೆ. ಇರುವೆ ಮುತ್ತಬಾರದೆಂದು ಕಾಕಿ ತಲೆಯಿಂದ ಕಾಲತನಕ ತನ್ನ ಬಣ್ಣವಿಲ್ಲದ ಉಗುರುಬಣ್ಣ ಬಳಿದಿದ್ದಳು. ಒಂದು ಬಾಟಲಿ ಪೂರಾ ಖರ್ಚಾಯಿತಂತೆ. "ಇನ್ನ ನೂರು ವರ್ಷ ಏನೂ ಆಗಾಂಗಿಲ್ಲ" ಎಂದಳು. ಬುಡಕ್ಕೆ ಮಾತ್ರ ಬಳಿದಿರಲಿಲ್ಲ. ಗೊಂಬೆ ಬೀಳಬಾರದೆಂದು ಬುಡಕ್ಕೆ ಅಂಟು ಹಚ್ಚಿ ಹಲಗೆಗೆ ಕೂರಿಸಿದ್ದಳು.

ಹೇಳಬೇಕಿದ್ದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಕಾಕಾ ನಾಲ್ಕು ಜನ ಸ್ನೇಹಿತರನ್ನು ಒಳಗೆ ಕರೆತಂದ. ಬಂದವರು ಜಪಾನು, ಸ್ಪೇನು ಎಲ್ಲ ದಾಟಿ ಅದರ ಮುಂದೆ ನಿಂತರು. ಇದು ಅಮೃತಶಿಲೆಯೇ ಎಂದು ಒಬ್ಬರು ಕೇಳಿದರು. "ನಮ್ಮ ಮಗಳ ಕಲೆಕ್ಷನ್ನಿನಾಗ ಇದಽ ಬೆಸ್ಟ್" ಎಂದ ಕಾಕಾ. ನಮ್ಮ ಮಗಳ! ನಾನು ಬಾಯಿಗೆ ಬೀಗ ಹಾಕಿಕೊಂಡೆ. ಕರಗಲಿ. ಎಲ್ಲರ ಎದುರಿಗೆ ಕರಗಿ ನೀರಾಗಿ ಹೋಗಲಿ.

ಸಂಜೆ ಮನೆಗೆ ಬಂದಾಗ ಆಯಿ ಕೇಳಿದಳು, "ಹೇಳಿದಿ?"

"ಹೂಂ, ಹೇಳ್ದೆ."

ಆಮೇಲೆ ಎರಡು ವಾರಕ್ಕೊಮ್ಮೆ ಇದೇ ಮಾತು. "ತಿಂದ್ರೇನ?" ಎಂದು ಆಯಿ ಕೇಳುವಳು. "ಇನ್ನ ತಿನ್ನೋರದಾರ" ಎಂದು ನಾನು ಹೇಳುವೆ. ಬೇಗಂಪೇಟೆಗೆ ಹೋಗಲು ಮೊದಲು ಅಳುತ್ತಿದ್ದವಳು ಈಗ ಎಲ್ಲರಿಗಿಂತ ಮುಂಚೆ ತಯಾರಾಗುತ್ತಿದ್ದೆ. ಹೋದ ಕೂಡಲೇ ಕಪಾಟಿನ ಎದುರು ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆ. ಮೂಗುತಿ ಸವೆದಿದೆಯೇ, ಬುಡ ಒದ್ದೆಯಾಗಿದೆಯೇ. ಚಳಿಗಾಲದಲ್ಲಿ ಅವಳು ಕಲ್ಲಿನ ಹಾಗೆ ನಿಂತಿದ್ದಳು. ಕಾಕಾನ ಮಗಳು ತಾನು ಓದುವ ಕಾನ್ವೆಂಟಿನ ಪ್ರದರ್ಶನಕ್ಕೆ, ಹಲಗೆಗೆ ಅಂಟಿದ್ದ ಕೊಡದವಳನ್ನು ಬಿಟ್ಟು ಉಳಿದ ಗೊಂಬೆಗಳನ್ನೆಲ್ಲ ಒಯ್ದು ಬಹುಮಾನವನ್ನೂ ತಂದಳು. ಆ ಬಹುಮಾನದ ಕಪ್ಪನ್ನೂ ಕೊಡದವಳ ಪಕ್ಕದಲ್ಲೇ ಇಟ್ಟರು. ನಾನು ಮಳೆಗಾಲಕ್ಕೆ ಇನ್ನೆಷ್ಟು ತಿಂಗಳು ಎಂದು ಬೆರಳು ಮಡಚಿದೆ.

ಶಿವರಾತ್ರಿಯಾಗಿ ಎಂಟು ದಿನಕ್ಕೆ ಆಯಿ ತೀರಿಕೊಂಡಳು. ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಒಯ್ದರು, ಮೂರನೆಯ ದಿನ ಮನೆಗೆ ತಂದರು. ದಿನಕರ್ಮ ಎಲ್ಲ ಮುಗಿದ ಮೇಲೆ ಆಯಿಯ ಟ್ರಂಕನ್ನು ನನ್ನ ಸೋದರತ್ತೆ ಊರಿಗೆ ಒಯ್ದಳು. ಅಚ್ಚುಗಳು ಅದರೊಳಗಿದ್ದವು. ಹುಳ ಹಿಡಿದಿದ್ದವೆಂದು ಒಲೆಗೆ ಹಾಕಿದೆವು ಎಂದು ಆಮೇಲೆ ಸುದ್ದಿ ಬಂತು. ನಾನು ಹಾಸಿಗೆಯ ಅರ್ಧದಲ್ಲಿ ಒಬ್ಬಳೇ ಮಲಗುವುದನ್ನು ಕಲಿತೆ. ಬೇಗಂಪೇಟೆಯ ಗೊಂಬೆಯ ಬಗ್ಗೆ ನನ್ನ ಮನಸ್ಸು ಮಾತ್ರ ಬದಲಾಗಲಿಲ್ಲ. ಅದು ಅವಳ ಗೊಂಬೆ, ಕರಗಬೇಕು. ಆಯಿಗೂ ಅದಕ್ಕೂ ಸಂಬಂಧವಿದೆ ಎನ್ನುವುದು ನನಗೆ ಹೊಳೆಯಲೇ ಇಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ. ನಿಜವಾಗಿ ಹೊಳೆಯಲಿಲ್ಲ. ಹೊಟ್ಟೆಕಿಚ್ಚಿಗೆ ಒಂದೇ ಕಣ್ಣು.

ಜೂನ್ ತಿಂಗಳ ಮಳೆ ಒಂದು ವಾರ ಬಿಡದೆ ಸುರಿಯಿತು. ಆ ವಾರ ಕಾಕಾನ ಮನೆಯವರು ಕಾಕಿಯ ತಂಗಿಯ ಮದುವೆಗೆಂದು ವಿಜಯವಾಡಕ್ಕೆ ಹೋಗಿದ್ದರು. ಅವರು ಬಂದ ಮರುದಿನ ಭಾನುವಾರ. ನಾವು ಹೋದೆವು. ಬಾಗಿಲಲ್ಲೇ ಕಾಕಿ ಅವ್ವನ ಕೈ ಹಿಡಿದು "ಅಕ್ಕಾರ, ಏನಾಗೈತಿ ಬಂದು ನೋಡ್ರಿ" ಎಂದು ಒಳಗೆ ಎಳೆದುಕೊಂಡು ಹೋದಳು.

ಬುಡ ಕರಗಿ ಹೋಗಿತ್ತು. ಉಗುರುಬಣ್ಣದ ಅಂಗಿಯೊಳಗೆ ಕೊಡದವಳು ಮೊಣಕಾಲ ತನಕ ಕುಸಿದು ಒಂದು ಬದಿಗೆ ವಾಲಿದ್ದಳು. ಪಾಕ ಹಲಗೆಯ ತುಂಬ ಹರಿದು ಜಪಾನಿನವಳ ರೇಷ್ಮೆ ಅಂಚನ್ನು ಹಿಡಿದಿತ್ತು. ಅಲ್ಲಿಂದ ಕೆಳಗಿನ ಹಲಗೆಗೆ ತೊಟ್ಟಿಕ್ಕಿ ಸ್ಪೇನಿನವಳ ಕೆಂಪು ಲಂಗವನ್ನು ನೆನೆಸಿತ್ತು. ಇರುವೆಗಳು ಎಲ್ಲ ದೇಶಗಳ ಮೇಲೂ ಸಾಲುಹಿಡಿದು ಓಡಾಡುತ್ತಿದ್ದವು. ಕಾಕಿ ಒದ್ದೆ ಬಟ್ಟೆ ಹಿಡಿದು ಹಲುಬುತ್ತಿದ್ದಳು. ನಾನು ಬಯಸಿದ್ದಕ್ಕಿಂತ ನಾಲ್ಕು ಪಟ್ಟು ಚೆನ್ನಾಗಿ ಎಲ್ಲವೂ ಆಗಿತ್ತು. ಒಳಗೊಳಗೇ ಕುಣಿಯುವಂತಾಗಿ ಕಾಕಾನ ಮಗಳ ಮುಖ ನೋಡಲು ಹೊರಳಿದೆ. ಅದಕ್ಕಾಗಿಯೇ ತಾನೆ ಇಷ್ಟು ದಿನ ಕಾದದ್ದು.

ಅವಳು ಜಪಾನಿನವಳ ಕಡೆ ನೋಡುತ್ತಲೂ ಇರಲಿಲ್ಲ. ಕುಸಿದ ಸಕ್ಕರೆ ಗೊಂಬೆಯನ್ನು ಹಲಗೆಯಿಂದ ಬಿಡಿಸಿ ಎತ್ತಿಕೊಂಡು, ಇರುವೆ ಊದಿ, ಹಿತ್ತಿಲ ಕಟ್ಟೆಗೆ ಹೋಗಿ ಕೂತಳು. ನಾನು ಹಿಂದೆಯೇ ಹೋದೆ. ಅವಳು ಅಳುತ್ತಿದ್ದಳು.

"ನಿಮ್ಮಪ್ಪ ಇನ್ನೊಂದು ಜಪಾನಿಂದು ತರಸ್ತಾನ ಬಿಡು" ಎಂದೆ. ಸಮಾಧಾನಕ್ಕಲ್ಲ, ಚುಚ್ಚುವುದಕ್ಕೆ.

"ಅದ್ಯಾರಿಗೆ ಬೇಕಾಗೈತಿ" ಎಂದಳು. "ಆ ಗೊಂಬಿಗೋಳೆಲ್ಲಾ ಯಾರ್ಯಾರೋ ತಂದು ಕೊಟ್ಟವು. ಇದು ಆಯಿ ಮಾಡಿದ್ದು. ನಿನಗರ ಆಯಿ ದಿನಾ ಇದ್ಲು. ನನಗ ಇದೊಂದ ಇತ್ತು."

ಅವಳು ಗೊಂಬೆಯನ್ನು ಹೊರಳಿಸಿದಳು. ಬೆನ್ನು ಹಾಗೇ ಉಳಿದಿತ್ತು. ಅದರ ಮೇಲೆ ಆಯಿಯ ಹೆಬ್ಬೆರಳು, ಗೆರೆಗೆರೆಯಾಗಿ, ಈಗಷ್ಟೇ ಒತ್ತಿದ ಹಾಗೆ. ನಮ್ಮ ಮನೆಯಲ್ಲಿ ಆಯಿಯ ಕೈಯದು ಒಂದೂ ಉಳಿದಿಲ್ಲ ಎನ್ನುವುದು ನನಗೆ ಆಗ ಗೊತ್ತಾಯಿತು. ಉಳಿದಿದ್ದ ಒಂದನ್ನು ನಾನು ಹಗಲೆಲ್ಲ ಕರಗು ಕರಗು ಎಂದು ಕಾಯುತ್ತಿದ್ದೆ.

"ಇದನ್ನ ಹೆಂಗ ಇಡಬೇಕಂತ ಆಯಿ ಏನಾರ ಹೇಳಿದ್ಲೇನ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಅರ್ಧ ಹೇಳಿದೆ. "ಮಳಿಗಾಲಕ್ಕ ಮುಂಚೆ ಹಂಚಿ ತಿನ್ನಬೇಕಂತ ಹೇಳಿದ್ಲು. ನಿಮ್ಮವ್ವಗ ಹೇಳು ಅಂದಿದ್ಲು."

"ಮರತಿದ್ದೀ?"

"ಹೂಂ."

"ಹೋಗ್ಲಿ ಬಿಡು" ಎಂದಳು. ಅಷ್ಟೇ. ಮೂಗು ಒರೆಸಿಕೊಂಡು ಉಗುರುಬಣ್ಣವನ್ನು ಸಿಪ್ಪೆಯ ಹಾಗೆ ಸುಲಿದು, ಗೊಂಬೆಯನ್ನು ಕಟ್ಟೆಯ ಅಂಚಿಗೆ ಕುಟ್ಟಿ ಎರಡು ಹೋಳು ಮಾಡಿದಳು. ಮುಖವಿದ್ದ ಹೋಳು ತಾನಿಟ್ಟುಕೊಂಡು ಬೆನ್ನಿನ ಹೋಳು ನನ್ನ ಕೈಗೆ ಕೊಟ್ಟಳು. "ಬೆರಳಿನ ಗುರ್ತು ಇದ್ದದ್ದು ನಿನಗ. ಆಯಿ ನಿಮ್ಮನ್ಯಾಗ ಇದ್ದಾಕಿ."

ಎಷ್ಟು ಸಲೀಸಾಗಿ ಕೊಟ್ಟಳು! ಆ ಕ್ಷಣದಲ್ಲಿ ಅವಳ ಮೇಲೆ ಬಂದಷ್ಟು ಹೊಟ್ಟೆಕಿಚ್ಚು ನನಗೆ ಹನ್ನೊಂದು ದೇಶಗಳ ಗೊಂಬೆಗಳನ್ನು ನೋಡಿಯೂ ಬಂದಿರಲಿಲ್ಲ. ನಲವತ್ತು ವರ್ಷ ಕಳೆದರೂ ಅದು ಪೂರ್ತಿ ಆರಿಲ್ಲ. ಅವಳು ತನ್ನ ಹೋಳನ್ನು ಬಾಯಿಗೆ ಹಾಕಿಕೊಂಡು, "ತಿನ್ನು, ಆಯಿ ಹೇಳ್ಯಾಳಲ್ಲ" ಎಂದಳು.

ನನಗೆ ಅದನ್ನು ಇಟ್ಟುಕೊಳ್ಳಬೇಕಿತ್ತು. ಆದರೆ ಇಟ್ಟುಕೊಳ್ಳುತ್ತೇನೆ ಎಂದು ಯಾವ ಬಾಯಿಂದ ಹೇಳಲಿ? ಬೆರಳಿನ ಗುರುತನ್ನು ನಾಲಿಗೆಯ ಮೇಲಿಟ್ಟುಕೊಂಡೆ. ಗೆರೆಗಳು ಸ್ವಲ್ಪ ಹೊತ್ತು ತರಿತರಿಯಾಗಿ ತಾಗಿದವು, ಆಮೇಲೆ ನುಣ್ಣಗಾದವು. ಅದು ಕರಗಲಿ ಎಂದು ಅಷ್ಟು ತಿಂಗಳು ಕಾದಿದ್ದೆ. ಕರಗಿದ್ದು ನನ್ನ ಬಾಯಲ್ಲೇ.